ಕಲ್ಲು ಮುಟ್ಟಿದರೆ

ಬನವಾಸಿ ಕಡೆಯ ಒಂದು ಕೆರೆಯ ತೂಬು ಕಾಯುವ ಕೆಲಸ ಜಟ್ಟಪ್ಪನಿಗೆ ಅಪ್ಪನಿಂದ ಬಂದದ್ದು. ಅಪ್ಪನ ಕಾಲದಲ್ಲಿ ಕಣ್ಣಳತೆ ಸಾಕಿತ್ತು. ಐವತ್ತೇಳನೇ ಇಸವಿಯಲ್ಲಿ ನೀರಾವರಿ ಕಚೇರಿಯಿಂದ ಹುಕುಂ ಬಂತು: ‘ನೀರು ಏರಿಯ ಕಲ್ಲನ್ನು ಮುಟ್ಟಿದರೆ ತೂಬು ಎತ್ತತಕ್ಕದ್ದು.’

ಏರಿಯ ಒಳಮೈಗೆ ನಿಲ್ಲಿಸಿದ ಆ ಕಲ್ಲು ಆಳೆತ್ತರ. ಅದರಲ್ಲಿ ಎಲ್ಲಿ ಮುಟ್ಟಿದರೆ? ಬರೆದ ಪುಣ್ಯಾತ್ಮ ಕೆರೆಯ ಮುಖವನ್ನೇ ಕಂಡವನಲ್ಲ.

ಮೊದಲ ಮಳೆಗಾಲದಲ್ಲಿ ಜಟ್ಟಪ್ಪ ನೀರು ಕಲ್ಲಿನ ತಲೆಗೆ ಬರುವವರೆಗೆ ಕಾದ. ಏರಿ ಒಂದು ಕಡೆ ಕುಸಿಯಿತು, ಬೈಗುಳ ತಿಂದ. ಮರುವರ್ಷ ಬುಡಕ್ಕೆ ಬಂದ ಕೂಡಲೇ ಎತ್ತಿದ. ಕೆಳಗಿನ ಗದ್ದೆಯಲ್ಲಿ ಅನ್ನಪೂರ್ಣವ್ವ ಆಗಷ್ಟೇ ನಾಟಿ ಮಾಡಿಸಿದ ಸಸಿಯೆಲ್ಲ ಕೊಚ್ಚಿಹೋಯಿತು. ವಿಚಾರಣೆಗೆ ಬಂದ ಓವರ್‌ಸಿಯರ್ ಏರಿಯ ಮೇಲೇ ಕುರ್ಚಿ ಹಾಕಿಸಿಕೊಂಡು, "ಓದಲಿಕ್ಕೆ ಬರದಿದ್ದರೆ ಕೆಲಸ ಬಿಡು" ಎಂದ.

ಜಟ್ಟಪ್ಪನ ಮೈಯೆಲ್ಲ ಉರಿಯಿತು.

"ಓದೀನ್ರಿ. ಕಾಲು ಮುಟ್ಟಿದ್ರ ನಮಸ್ಕಾರ, ತಲಿ ಮುಟ್ಟಿದ್ರ ಆಣಿ. ಎರಡೂ ಮುಟ್ಟೂದ. ನಿಮ್ಮ ಹಾಳ್ಯಾಗ ಇರೂದು ಯಾವುದ್ರಿ?"

ಸುತ್ತ ನಿಂತವರು ನಕ್ಕರು. ಓವರ್‌ಸಿಯರ್ ಮುಖ ಗಂಟಿಕ್ಕಿಕೊಂಡು ಅಲ್ಲೇ ಹುಕುಂ ತಿದ್ದಿದ: ‘ಸರಿಯಾಗಿ ಮುಟ್ಟಿದರೆ ಮಾತ್ರ.’

"ಈಗ ಸ್ಪಷ್ಟವಾಯಿತಲ್ಲ? ಸಹಿ ಹಾಕು, ಕೆಲಸ ಉಳಿಯುತ್ತದೆ."

"ಸರಿಯಾಗಿ ಅಂದ್ರ ಎಷ್ಟು ಗೇಣ್ರಿ?"

"ಅದು ನಿನ್ನ ವಿವೇಚನೆ."

"ಏರಿ ಒಡದ್ರ?"

"ಜವಾಬ್ದಾರಿ ನಿನ್ನದು."

ಜಟ್ಟಪ್ಪ ಪೆನ್ನನ್ನು ಕುರ್ಚಿಯ ಕಾಲಬುಡಕ್ಕೆ ಎಸೆದು ಮನೆಗೆ ಬಂದ. ಕೆಲಸ ಹೋಯಿತು. ಹೆಂಡತಿ ದೇವಿ ಊಟಕ್ಕೆ ಬಡಿಸಿದಳು. ಅವನು ತಟ್ಟೆ ಸರಿಸಿ ಎದ್ದ.

ನಾಲ್ಕನೆಯ ದಿನ ಬೆಳಿಗ್ಗೆ ಮೋಡ ಕಟ್ಟಿತ್ತು. ಅವನ ಜಾಗಕ್ಕೆ ಬಂದ ಹುಚ್ಚ ಎಂಬ ಹೆಸರಿನ ಹುಡುಗ ಅಂಗಳದಲ್ಲಿ ನಿಂತಿದ್ದ.

"ಜಟ್ಟಣ್ಣ, ಸರಿಯಾಗಿ ಮುಟ್ಟೂದು ಅಂದ್ರ ಎಲ್ಲಿಗೋ?"

"ಆ ಕುರ್ಚಿಯವನ್ನ ಕೇಳು ಹೋಗು! ನನ್ನ ತಲಿ ತಿನ್ನಬ್ಯಾಡ."

ಹುಚ್ಚ ಹೋಗಲಿಲ್ಲ. ಕೆಳಗಿನ ಗದ್ದೆಯಲ್ಲಿ ಅನ್ನಪೂರ್ಣವ್ವ ಎರಡನೇ ಸಲ ನಾಟಿ ಮಾಡಿಸುತ್ತಿದ್ದಳು. ಜಟ್ಟಪ್ಪ ತನ್ನನ್ನೇ ಬೈದುಕೊಳ್ಳುತ್ತ ಉಳಿ, ಸುತ್ತಿಗೆ ಹಿಡಿದು ಏರಿಗೆ ನಡೆದ; ಹುಚ್ಚ ಹಿಂದೆಯೇ ಬಂದ. ಕಲ್ಲಿನ ನಡುಮಟ್ಟದಲ್ಲಿ ಅಡ್ಡಗೆರೆ ಕೆತ್ತತೊಡಗಿದ.

"ನೀರು ಈ ಗೆರಿಗೆ ಬಂದ್ರ ಎತ್ತು. ಒಂದು ಬೆರಳು ಕೆಳಗಿದ್ರ, ಯಾರು ಹೇಳಿದ್ರೂ ಎತ್ತಬ್ಯಾಡ."

"ಇಷ್ಟ ಬರಿಯಾಕ ಅವರಿಗೇನು ಧಾಡಿಯಾಗಿತ್ತೋ?"

"ಬರದ್ರ ತಪ್ಪು ಅವರ ಕೊರಳಿಗೆ ಬೀಳ್ತದಲ್ಲೋ!" ಎಂದು ಜಟ್ಟಪ್ಪ ಉಳಿಯ ಮೇಲೆ ಇನ್ನೊಂದು ಪೆಟ್ಟು ಹಾಕಿದ.