ರಾಮಲಿಂಗಪ್ಪನ ಕೈ
ಶಶಿಕಲಾ ಬಂದ ಹದಿನೈದು ದಿನಕ್ಕೇ ಪ್ಯಾಕಿಂಗ್ ವಿಭಾಗದವರು ಆಕೆಗೆ 'ಯಾಕಮ್ಮ' ಎಂದು ಹೆಸರಿಟ್ಟಿದ್ದರು. ಮಾನ್ವಿ ಕಡೆಯ ಈ ಎಂಜಿನಿಯರನ್ನು ರಾಯಚೂರಿನ ಸಿಮೆಂಟ್ ಕಾರ್ಖಾನೆ ಕರೆಸಿದ್ದು ಲೀನ್ ಪದ್ಧತಿ ಕಲಿಸಲು: ಏನೂ ವ್ಯರ್ಥವಾಗಬಾರದು, ಧೂಳು ಏಳಬಾರದು. ಸಿಮೆಂಟ್ ಚೆಲ್ಲಿದಲ್ಲೆಲ್ಲ ಆಕೆ ಸೀಮೆಸುಣ್ಣದಿಂದ ವೃತ್ತ ಬರೆಯುತ್ತಿದ್ದಳು, ಯಾಕೆ ಚೆಲ್ಲಿತು ಎಂದು ಕೇಳುತ್ತಿದ್ದಳು, ಹೇಳಿದ ಉತ್ತರಕ್ಕೆ ಮತ್ತೆ ಯಾಕೆ ಎನ್ನುತ್ತಿದ್ದಳು. ಐದು ಸಲ ಕೇಳಿದರೆ ತಪ್ಪಿನ ಬೇರು ಸಿಗುತ್ತದಂತೆ. ಸಣ್ಣ ಮಕ್ಕಳೂ ಅಷ್ಟು ತಲೆ ತಿನ್ನುವುದಿಲ್ಲ.

ನಾಲ್ಕು ಯಾಕೆಗಳು ಮುಗಿದಿದ್ದವು. ಯಂತ್ರ ಸರಿಯಿತ್ತು, ಚೀಲ ಹರಿದಿರಲಿಲ್ಲ. ತುಂಬಿದ ಚೀಲವನ್ನು ಎಲ್ಲರೂ ಒಂದು ಗಳಿಗೆ ಮೊದಲೇ ಎಳೆಯುತ್ತಿದ್ದರು, ನಳಿಕೆಯಲ್ಲಿ ಉಳಿದ ಹಿಡಿ ಸಿಮೆಂಟ್ ನೆಲಕ್ಕೆ ಬೀಳುತ್ತಿತ್ತು. ಕನಕಪ್ಪಣ್ಣ ಹೀಗೇ ಕಲಿಸಿದ ಎಂದು ಹೊಸಬರು ಕೈ ತೊಳೆದುಕೊಂಡರು. ಐದನೆಯ ಯಾಕೆ ವಿಭಾಗದ ಹಳಬ ಕನಕಪ್ಪನ ಎದುರು ಬಂದು ನಿಂತಿತು.

ಉತ್ತರ ಅವನಿಗೆ ಗೊತ್ತಿತ್ತು.

ಇಪ್ಪತ್ತೆರಡು ವರ್ಷದ ಹಿಂದೆ ದೇವದುರ್ಗ ತಾಲ್ಲೂಕಿನ ಮಸರಕಲ್‌ನಿಂದ ಅವನನ್ನು ಕರೆತಂದು ಈ ಕೆಲಸ ಕಲಿಸಿದವನು ರಾಮಲಿಂಗಪ್ಪ. ಆಗ ನೆಲದಿಂದ ಗುಡಿಸಿದ ಸಿಮೆಂಟನ್ನು ಮನೆಗೊಯ್ಯಲು ಯಾರ ಅಡ್ಡಿಯೂ ಇರಲಿಲ್ಲ. ಜೊತೆಗಾರರಲ್ಲಿ ಯಾರಾದರೂ ಮನೆ ಕಟ್ಟಲು ನಿಂತರೆ ಚೀಲ ಎಳೆಯಲು ರಾಮಲಿಂಗಪ್ಪನ ಕೈ ತಾನಾಗಿ ಅವಸರ ಮಾಡುತ್ತಿತ್ತು. ಕನಕಪ್ಪನ ಮನೆಯ ನೆಲ ಹಾಗೆ ಚೆಲ್ಲಿದ ಸಿಮೆಂಟಿನದೇ. ಅದು ಒಣಗಿದ ದಿನ ಅವನ ಅವ್ವ ಬರಿಗಾಲಲ್ಲಿ ಮನೆ ತುಂಬ ಓಡಾಡಿದ್ದಳು. ರಾಮಲಿಂಗಪ್ಪ ಹೊಸ್ತಿಲ ಹೊರಗೆ ಕೂತು ಚಹಾ ಕುಡಿಯುತ್ತ ನಗುತ್ತಿದ್ದ. ಎಂಥ ದಿನಗಳು ಅವು. ಆಮೇಲೆ ಗುಡಿಸಿದ್ದನ್ನು ಒಯ್ಯುವುದು ನಿಂತಿತು, ಕೆಮ್ಮಿ ಕೆಮ್ಮಿ ರಾಮಲಿಂಗಪ್ಪನೂ ಹೋದ. ಕೈಯ ಅವಸರ ಮಾತ್ರ ಒಬ್ಬರಿಂದ ಒಬ್ಬರಿಗೆ ಉಳಿದುಬಂತು.

ಹೇಳಿದರೆ ಸತ್ತವನಿಗೆ ಕಳ್ಳನೆಂಬ ಹೆಸರು. ಅವನ ಹೆಂಡತಿ ಗೋಪಮ್ಮ ಅಲ್ಲೇ ಕಸ ಗುಡಿಸುತ್ತಿದ್ದಳು. ಕನಕಪ್ಪ ತಲೆ ತಗ್ಗಿಸಿ, ಇದು ತನ್ನದೇ ಕೆಟ್ಟ ಚಟ, ಯಾರೂ ಕಲಿಸಿದ್ದಲ್ಲ ಎಂದ.

ಗೋಪಮ್ಮನ ಕಸಬರಿಗೆ ನಿಂತಿತು.

"ಸುಳ್ಳು ಹೇಳಬ್ಯಾಡ ತಮ್ಮಾ," ಎಂದಳು. "ಕಲಿಸಿದಾಂವ ನನ್ನ ಗಂಡ ರೀ ಮೇಡಂ. ಮಂದಿ ಮನಿ ಆಗ್ಲಿ ಅಂತ ಚೆಲ್ಲತಿದ್ದ. ಆ ಧೂಳೆಲ್ಲ ಅವನ ಎದಿಯಾಗ ಹೋಗಿ ಕುಂತಿತು. ಈಗ ಇವರೂ ಅದನ್ನ ನುಂಗಾಕತ್ತಾರ."

ಶಶಿಕಲಾ ಏನನ್ನೂ ಬರೆದುಕೊಳ್ಳಲಿಲ್ಲ. ಮುಂದೆ ಯಾಕೆ ಎಂದೂ ಕೇಳಲಿಲ್ಲ.

"ಮನಿ ಆದ್ವು, ಸಾಕು," ಎಂದಳು ಗೋಪಮ್ಮ ಕನಕಪ್ಪನ ಕಡೆ ತಿರುಗಿ. "ಇವರಿಗೆ ಬ್ಯಾರೆ ಕೈ ಕಲಿಸು."

ಕನಕಪ್ಪ ನಳಿಕೆಗೆ ಚೀಲ ಸಿಕ್ಕಿಸಿದ. ಚೀಲ ತುಂಬಿತು, ಬೆರಳುಗಳು ಎಳೆಯಲು ಹವಣಿಸಿದವು. ಅವನು ಉಸಿರು ಬಿಗಿಹಿಡಿದು ಒಂದು ಗಳಿಗೆ ತಡೆದ. ಚೀಲ ಬಿಡಿಸಿದಾಗ ನೆಲಕ್ಕೆ ಒಂದು ಚಿಟಿಕೆಯೂ ಬೀಳಲಿಲ್ಲ. ರಾಮಲಿಂಗಪ್ಪನನ್ನು ಎರಡನೆಯ ಸಲ ಮಣ್ಣು ಮಾಡಿದಂತಾಗಿ, ಕನಕಪ್ಪ ಎಲ್ಲರೆದುರೇ ಅತ್ತುಬಿಟ್ಟ.