ದೋಣಿಯ ಅದ್ದುವಿನ ಬಗ್ಗೆ ಬರೆದ ಒಂದು ಸಾಲು

ಶಾಲೆಯ ಪ್ರಾಜೆಕ್ಟಿಗೆಂದು ಮೊಬೈಲಿನಲ್ಲಿ ಓದುತ್ತಿದ್ದ ಮೊಮ್ಮಗಳು ಸುಹೈಲಾ ತಲೆ ಎತ್ತಿ ಕೇಳಿದಳು: "ಅಜ್ಜಿ, ನಿಮ್ಮ ಅಪ್ಪ ಕುಡಿದು ದೋಣಿ ನಡೆಸಿದ್ದಂತೆ. ಹೌದಾ?"

ಜೆಪ್ಪುವಿನ ಆ ಮನೆಯಲ್ಲಿ ಮೈಮೂನಾ ಅಕ್ಕಿ ಆರಿಸುವುದನ್ನು ನಿಲ್ಲಿಸಿದರು.

ಅವರ ತಂದೆ ಅದ್ದು ಕೂಳೂರಿನ ಹೊಳೆಯಲ್ಲಿ ಜನರನ್ನು ದೋಣಿಯಲ್ಲಿ ದಾಟಿಸುತ್ತಿದ್ದವರು. ಮೈಮೂನಾಗೆ ಒಂಬತ್ತು ವರ್ಷವಾಗಿದ್ದಾಗ, ಒಂದು ಮಳೆಗಾಲ, ದೋಣಿ ಮಗುಚಿತು. ಐದು ಜನ ತೀರಿಹೋದರು. ಅದ್ದು ಅವರಲ್ಲೊಬ್ಬರು. ಆ ಅಪಘಾತದ ಬಗ್ಗೆ, ಎಲ್ಲರೂ ಸೇರಿ ಬರೆಯುವ ಆನ್‌ಲೈನ್ ವಿಶ್ವಕೋಶದಲ್ಲಿ ಒಂದು ಪುಟ ಉಂಟು. ಅದರಲ್ಲಿ ಯಾರೋ ಬರೆದಿದ್ದರು: "ದೋಣಿಯವನು ಕುಡಿದಿದ್ದ."

ಮೈಮೂನಾರ ಮಗ ಅರ್ಶದ್ ಕೂಡಲೇ ಆ ಸಾಲನ್ನು ಅಳಿಸಿದ. "ನನ್ನ ಅಜ್ಜ ದೇವರಂಥ ಮನುಷ್ಯ, ಅವರದ್ದು ಎಂತ ತಪ್ಪೂ ಇಲ್ಲ" ಎಂದು ಬರೆದ. ಒಂದು ಗಂಟೆಯಲ್ಲಿ ಹಳೆಯ ಸಾಲು ವಾಪಸು ಬಂತು. ಮತ್ತೆ ಅಳಿಸಿದ, ಮತ್ತೆ ಬಂತು. ನಾಲ್ಕನೇ ಸಲ ಅವನು ಬಾಯಿಗೆ ಬಂದ ಹಾಗೆ ಬೈದು ಬರೆದ. ಅವನ ಖಾತೆಯನ್ನು ಒಂದು ವಾರ ತಡೆಹಿಡಿದರು. ಸಾಲು ಹಾಗೆಯೇ ಉಳಿಯಿತು.

ಪಕ್ಕದ ಮನೆಯ ಸಿಂಥಿಯಾ ಕಾಲೇಜಿನಲ್ಲಿ ಲೈಬ್ರೇರಿಯನ್ ಆಗಿ ನಿವೃತ್ತರಾದವರು. ಆರು ವರ್ಷಗಳಿಂದ ಅದೇ ವಿಶ್ವಕೋಶಕ್ಕೆ ಬರೆಯುತ್ತಾರೆ. ಅರ್ಶದ್ ಅವರ ಹತ್ತಿರ ಹೋದ.

"ಯಾರೋ ಸುಳ್ಳು ಬರೆದ್ರೆ ನಿಲ್ತದೆ, ಮನೆಯವರು ಹೇಳಿದ್ರೆ ನಿಲ್ಲುವುದಿಲ್ಲ. ಇದೆಂತ ನ್ಯಾಯ ಮೇಡಂ?"

"ಅವನ ಸಾಲಿಗೂ ಆಧಾರ ಇಲ್ಲ, ನಿನ್ನದಕ್ಕೂ ಇಲ್ಲ. 'ಇದಕ್ಕೆ ಆಧಾರ ಕೊಟ್ಟಿಲ್ಲ' ಅಂತ ಕಾರಣ ಬರೆದು ಅಳಿಸಿದ್ದರೆ ಅದು ಆವತ್ತೇ ಹೋಗ್ತಿತ್ತು. ಮತ್ತೆ ನೀನು ಬೈದದ್ದು ಯಾರಿಗೆ, ಗೊತ್ತುಂಟಾ? ಅವರು ಅದನ್ನು ಬರೆದವರೇ ಅಲ್ಲ. ಕಾರಣ ಇಲ್ಲದೆ ಅಳಿಸಿದ್ದನ್ನು ನೋಡಿ ವಾಪಸು ಹಾಕಿದವರು."

ಅರ್ಶದ್ ತಲೆ ತಗ್ಗಿಸಿದ. "ನನ್ನ ಉಮ್ಮ ತನ್ನ ತಂದೆಯನ್ನು ನೋಡಿದವರು. ಅವರ ಮಾತು ಸಾಲದಾ?"

"ನನಗೆ ಸಾಕು. ಓದುವ ಊರಿಗೆಲ್ಲ ಸಾಲದು. ಬೇರೆಯವರೂ ತೆಗೆದು ನೋಡಬಹುದಾದ ಪತ್ರಿಕೆಯೋ ಪುಸ್ತಕವೋ ಬೇಕು. ನಾಳೆ ಹುಡುಕುವಾ."

ಕೊಡಿಯಾಲ್‌ಬೈಲಿನ ಒಂದು ಲೈಬ್ರರಿಯಲ್ಲಿ ಹಳೆಯ ಪತ್ರಿಕೆಗಳನ್ನು ಕಟ್ಟಿ ಇಟ್ಟಿದ್ದರು. ಮೈಮೂನಾ ಕೂಡ ಹೊರಟರು. ಎರಡನೇ ದಿನ ಮಧ್ಯಾಹ್ನ ಒಂದು ಪತ್ರಿಕೆಯಲ್ಲಿ ಆ ಅಪಘಾತದ ತನಿಖೆಯ ವರದಿ ಸಿಕ್ಕಿತು. ದೋಣಿಯವನು ಕುಡಿದಿರಲಿಲ್ಲ ಎಂದು ಅದರಲ್ಲಿತ್ತು. ಮೂವರನ್ನು ದಡಕ್ಕೆ ತಂದು, ನಾಲ್ಕನೇ ಸಲ ನೀರಿಗಿಳಿದವನು ಮೇಲೆ ಬರಲಿಲ್ಲ ಎಂದೂ ಇತ್ತು. ಅರ್ಶದನ ಕಣ್ಣು ತುಂಬಿತು. ಆದರೆ ಕೆಳಗೆ ಇನ್ನೊಂದು ಮಾತಿತ್ತು: ಹನ್ನೆರಡು ಜನರ ದೋಣಿಗೆ ಅದ್ದು ಇಪ್ಪತ್ತೊಂದು ಜನರನ್ನು ಹತ್ತಿಸಿದ್ದರು.

"ಇದೊಂದು ಬಿಡುವಾ ಮೇಡಂ," ಎಂದ ಅರ್ಶದ್.

"ಒಂದೇ ವರದಿ ಅಲ್ವಾ ಮಾರಾಯ. ನಮಗೆ ಬೇಕಾದ ಸಾಲು ಮಾತ್ರ ನಿಜ ಅಂತ ಹೇಳ್ಲಿಕ್ಕೆ ಆಗ್ತದಾ?"

ಮೈಮೂನಾ ಆ ಹಾಳೆಯ ಮೇಲೆ ಕೈಯಿಟ್ಟರು. ಹೇಳಿದರು: "ಆವತ್ತು ಹೋದ ಬೇರೆಯವರಿಗೂ ಮಕ್ಕಳಿದ್ದರು. ಅವರೂ ಓದ್ತಾರೆ. ಎರಡೂ ಇರಲಿ."

ತಡೆಯ ವಾರ ಕಳೆದ ಮೇಲೆ ಅರ್ಶದ್ ಪುಟವನ್ನು ತಾನಾಗಿ ಮುಟ್ಟಲಿಲ್ಲ. ಬರೆಯುವವರು ತಿದ್ದುಪಡಿಯ ಬಗ್ಗೆ ಮಾತಾಡುವ ಅದರ ಚರ್ಚೆ ಪುಟಕ್ಕೆ ಹೋಗಿ ಮೊದಲು ಕ್ಷಮೆ ಕೇಳಿದ. "ನಾನು ಅದ್ದು ಅವರ ಮೊಮ್ಮಗ. ಹಾಗಾಗಿ ನಾನೇ ತಿದ್ದುವುದು ಸರಿಯಲ್ಲ. ದಯವಿಟ್ಟು ನೀವು ನೋಡಿ" ಎಂದು ಬರೆದು ಪತ್ರಿಕೆಯ ಹೆಸರು, ತಾರೀಕು, ಪುಟಸಂಖ್ಯೆ ಕೊಟ್ಟ. ಅವನಿಂದ ಬೈಸಿಕೊಂಡವರೇ ಲೈಬ್ರರಿಗೆ ಹೋಗಿ ಪತ್ರಿಕೆ ನೋಡಿದರು. ಸುಳ್ಳು ಸಾಲನ್ನು ತೆಗೆದರು. ವರದಿಯ ಎರಡೂ ಮಾತನ್ನು ಆಧಾರದೊಂದಿಗೆ ಸೇರಿಸಿದರು.

ಅರ್ಶದ್ ಓದಿ ಹೇಳಿದ. ಮೈಮೂನಾ ಇನ್ನೊಮ್ಮೆ ಓದಿಸಿದರು. "ಹೌದು," ಎಂದರು, "ಇದು ನನ್ನ ಅಪ್ಪ."

ಓದುವವರೇ, ನಿಮ್ಮ ಊರಿನ, ನಿಮ್ಮವರ ಬಗ್ಗೆ ತಪ್ಪು ಕಂಡರೆ ಸುಮ್ಮನಿರಬೇಡಿ, ಜಗಳಕ್ಕೂ ಹೋಗಬೇಡಿ. ಆಧಾರ ಹುಡುಕಿ. ಕಾರಣ ಬರೆದು ತಿದ್ದಿ. ನಿಮ್ಮ ಮನೆಯ ವಿಷಯವಾದರೆ ಅದನ್ನು ಮುಚ್ಚಿಡದೆ ಹೇಳಿ, ಬೇರೆಯವರಿಂದ ತಿದ್ದಿಸಿ. ನೀವು ಇವತ್ತು ಬರೆಯುವ ಸಾಲನ್ನು ನಾಳೆ ಯಾರದೋ ಮಗಳು ಓದುತ್ತಾಳೆ. ಗೊತ್ತಿಲ್ಲದ್ದನ್ನು ದಯವಿಟ್ಟು ಬರೆಯಬೇಡಿ.