ಗೇಟಿನ ಮುಂದಿನ ಚೌಕ

ಮೊಳೆಗೆ ಆ ಹೆಸರು ಬಂದದ್ದು ಕೆಲಸದಿಂದ. ಫೋಟೊಗಳಿಗೆ ಫ್ರೇಮ್ ಹಾಕುವ ಅಂಗಡಿಯಲ್ಲಿ ಫ್ರೇಮಿನ ಬೆನ್ನಿಗೆ ಹಲಗೆ ಕೂರಿಸಿ ಸಣ್ಣ ಮೊಳೆ ಬಡಿಯುವವಳು ಅವಳು. ಆಳೂ ಮೊಳೆಯಷ್ಟೇ, ನಾಲಿಗೆಯೂ ಅಷ್ಟೇ ಚೂಪು. ಅಂಥವಳು ಒಬ್ಬ ಮನುಷ್ಯನ ಜೊತೆ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದಳೆಂದರೆ ಹೊಟ್ಟೆಯೊಳಗೆ ಎಂಥ ಉರಿ ಇದ್ದಿರಬೇಕು, ನೀವೇ ಲೆಕ್ಕ ಹಾಕಿ.

ಆ ಮನುಷ್ಯ ಗಾಜಿನ ಮಾಮ. ಅದೇ ಅಂಗಡಿಯಲ್ಲಿ ಗಾಜು ಕೊಯ್ಯುವವರು. ಮೊಳೆಗೆ ಸುತ್ತಿಗೆ ಹಿಡಿಯುವುದನ್ನು ಕಲಿಸಿದವರೂ ಅವರೇ. ಸಂಬಂಧದಲ್ಲಿ ಏನೂ ಆಗಬೇಕಿಲ್ಲ. ಆದರೂ ಬಂದ ಮೊದಲ ದಿನವೇ ಅವಳು ಮಾಮ ಎಂದಳು, ಅವರು ಹೂಂ ಎಂದರು, ಅಲ್ಲಿಗೆ ಮಾಮ ಆದರು. ಇನ್ನಿಬ್ಬರೆಂದರೆ ಕೌಂಟರಿನಲ್ಲಿ ಕೂರುವ ಅಕ್ಕ ಮತ್ತು ತಯಾರಾದ ಮಾಲನ್ನು ಮನೆಮನೆಗೆ ಮುಟ್ಟಿಸುವ ಡ್ರೈವರಣ್ಣ. ಯಜಮಾನರು ಊಟ ಮುಗಿಸಿ ಮಹಡಿ ಮೇಲೆ ಗೊರಕೆ ಹೊಡೆಯುವಾಗ ಈ ನಾಲ್ವರೂ ಹಿಂದಿನ ಕೋಣೆಯಲ್ಲಿ ಡಬ್ಬಿ ಬಿಚ್ಚಿ, ಗಿರಾಕಿಗಳಿಗೆ ನಮೂನೆ ತೋರಿಸಲು ಇಟ್ಟಿದ್ದ ಕಂಪ್ಯೂಟರಿನಲ್ಲಿ ಯುದ್ಧ ಮಾಡುತ್ತಿದ್ದರು.

ಆಟ ಚದುರಂಗದ ಜಾತಿಯದು. ನೆಲವೆಲ್ಲ ಚೌಕ ಚೌಕ. ನಮ್ಮ ಕಡೆಯ ಸೈನಿಕರೆಲ್ಲ ಒಬ್ಬೊಬ್ಬರಾಗಿ ನಡೆ ಮುಗಿಸಿದ ಮೇಲೆ ಶತ್ರುಗಳ ನಡೆ. ಇಬ್ಬರದ್ದೂ ಮುಗಿದರೆ ಒಂದು ಸರದಿ. ಇವರು ಅದಕ್ಕೆ ತಮ್ಮದೇ ಕಟ್ಟಳೆ ಮಾಡಿಕೊಂಡಿದ್ದರು: ಒಂದು ಊಟಕ್ಕೆ ಒಂದೇ ಸರದಿ. ಒಬ್ಬೊಬ್ಬರಿಗೆ ತಮ್ಮದೇ ಹೆಸರಿನ ಒಬ್ಬ ಸೈನಿಕ, ಇನ್ನೊಬ್ಬರ ಸೈನಿಕನನ್ನು ಯಾರೂ ಮುಟ್ಟುವಂತಿಲ್ಲ. ಸತ್ತವರು ಸತ್ತರು; ಹಿಂದೆ ಹೋಗಿ ಬದುಕಿಸುವ ಉಪಾಯವನ್ನು ಶುರುವಿನಲ್ಲೇ ಬಂದ್ ಮಾಡಿಟ್ಟಿದ್ದರು. ರಜೆ ಹಾಕುವವರು ತಮ್ಮ ಸೈನಿಕನನ್ನು ನಂಬಿಕೆಯ ಒಬ್ಬರ ಕೈಗೆ ಒಪ್ಪಿಸಿ ಹೋಗಬೇಕು.

ಆ ಆಟದ ಮೊದಲ ಭಾಗದಲ್ಲಿ ಪರದೆಯ ಮೊಳೆ, ಅಂದರೆ ಮೊಳೆಯ ಹೆಸರಿನ ಸೈನಿಕಳು, ಸಾಮಾನ್ಯಳಲ್ಲ. ಗೋಡೆ ಮರೆಯಲ್ಲಿ ಕಾದು ಕೂತು ಬಂದವರನ್ನು ಬಂದಹಾಗೆ ಮಲಗಿಸಿ, ಕೊನೆಗೆ ಇಡೀ ಪಡೆಗೆ ನಾಯಕಿಯಾಗಿದ್ದಳು. ಅಂಗಡಿಯಲ್ಲಿ ಎಲ್ಲರಿಗಿಂತ ಕಡೆಯವಳಾದವಳಿಗೆ ಎಲ್ಲರಿಗಿಂತ ಮುಂದಿರುವ ಜಾಗ ಅದೊಂದೇ. ಮಧ್ಯಾಹ್ನ ಡ್ರೈವರಣ್ಣನಂಥ ಡ್ರೈವರಣ್ಣನೂ "ಈಗೇನು ಮಾಡ್ಲಿ?" ಎಂದು ಅವಳ ಮುಖ ನೋಡುತ್ತಿದ್ದ.

ಆಮೇಲೆ ಅದೇ ಆಟದ ಹೊಸ ಭಾಗ ಬಂತು. ಹಳೆಯ ಸೈನಿಕರೇ, ಆದರೆ ಹೊಂಚು ಹಾಕಿ ಗೆಲ್ಲುವ ಮಾತೇ ಇಲ್ಲ, ಬರೀ ಹೊಡೆದಾಟ. ಬಾಗಿಲು ತೆರೆದರೆ ಗುಂಡು, ಕಿಟಕಿಯಲ್ಲಿ ಇಣುಕಿದರೆ ಬಾಂಬು. ಕೋಟೆಯೊಂದರ ಮೊದಲ ಕಾಳಗ ನಡೆಯುತ್ತಿದ್ದಾಗಲೇ ಮೊಳೆಯ ಅಮ್ಮನಿಗೆ ಕಣ್ಣಿನ ಆಪರೇಷನ್ ನಿಗದಿಯಾಯಿತು. ಅವಳು ರಜೆ ಹಾಕಿದಳು. ಯಾರ ಕೈಗೆ ಒಪ್ಪಿಸಬೇಕು ಎಂದು ಯೋಚನೆಯನ್ನೇ ಮಾಡಲಿಲ್ಲ. ಮಾಮ ಇದ್ದಾರಲ್ಲ.

ತಿರುಗಿ ಬಂದಾಗ ಪರದೆಯ ಮೊಳೆ ಸತ್ತಿದ್ದಳು. ಬೇರೆಯವರು ಸಂಕೋಚದಿಂದ ಹೇಳಿದ್ದನ್ನು ಕೂಡಿಸಿದರೆ ನಡೆದದ್ದು ಇಷ್ಟು: ಮಾಮ ಅವಳನ್ನು ಗೋಡೆ ಮರೆಯಿಂದ ಎಬ್ಬಿಸಿ, ಕೋಟೆಯ ಗೇಟಿನ ಮುಂದೆ ಬಟಾಬಯಲಿನ ಒಂದು ಚೌಕದಲ್ಲಿ ನಿಲ್ಲಿಸಿದ್ದರು. ಶತ್ರುಗಳ ಗುಂಡೆಲ್ಲ ಅವಳ ಮೇಲೆ ಬಿತ್ತು. ಆ ಗಲಾಟೆಯಲ್ಲಿ ಪರದೆಯ ಮಾಮ ಹಿಂಬದಿಯಿಂದ ನುಗ್ಗಿ ಗೆದ್ದಿದ್ದ.

"ಗೆಲ್ಲಬೇಕಿತ್ತಲ್ಲಮ್ಮ," ಎಂದರು ಮಾಮ, ಡಬ್ಬಿಯಿಂದ ತಲೆ ಎತ್ತದೆ. "ಯಾರಾದ್ರೂ ಒಬ್ರು ನಿಲ್ಲಬೇಕಿತ್ತು."

ತಪ್ಪಾಯಿತು ಎಂಬ ಒಂದು ಮಾತಿಲ್ಲ. ಮೇಲಿಂದ ಸಣ್ಣ ನಗು. ಆ ಒಬ್ಬರು ನೀವೇ ಯಾಕಾಗಬಾರದಿತ್ತು ಎಂಬ ಮಾತು ಮೊಳೆಯ ಗಂಟಲಿನ ತನಕ ಬಂತು. ನುಂಗಿಕೊಂಡಳು. ಅವತ್ತಿನಿಂದ ಮಾಮನ ಜೊತೆ ಅವಳ ಮಾತು ಗಾಜಿನ ಅಳತೆಗೆ ಮಾತ್ರ. ಉದ್ದ ಇಷ್ಟು, ಅಗಲ ಇಷ್ಟು, ಮುಗಿಯಿತು.

ಸತ್ತವಳ ಬದಲು ಹೊಸ ಸೈನಿಕಳಾಗಿ ಪಡೆ ಸೇರಬೇಕಾಗಿ ಬಂದಾಗ ಅವಳು ಬಂದೂಕು ಮುಟ್ಟಲಿಲ್ಲ. ಗಾಯಕ್ಕೆ ಪಟ್ಟಿ ಕಟ್ಟುವವಳಾದಳು. ಪರವಾಗಿಲ್ಲ, ಹುಡುಗಿಯ ಸಿಟ್ಟು ಇಳಿಯಿತು ಎಂದು ಅಕ್ಕ ಸಮಾಧಾನಪಟ್ಟರು. ಇಳಿದಿತ್ತಂತೆ! ಮೊಳೆ ಹೊಟ್ಟೆಯೊಳಗೆ ಕತ್ತಿ ಮಸೆಯುತ್ತಿದ್ದಳು. ಈ ಆಟದಲ್ಲಿ ಎಲ್ಲ ಕಡೆಯ ಗುಂಡೂ ಒಟ್ಟಿಗೆ ಬಿದ್ದರೆ ಅಲ್ಲೇ ಸಾವು, ಆದರೆ ಬರೀ ಗಾಯಗೊಂಡು ಬಿದ್ದವನು ತಕ್ಷಣ ಸಾಯುವುದಿಲ್ಲ. ಮೂರು ಸರದಿ ರಕ್ತ ಸೋರಿಸುತ್ತಾ ಬಿದ್ದಿರುತ್ತಾನೆ. ಅಷ್ಟರೊಳಗೆ ಪಟ್ಟಿ ಕಟ್ಟಿದರೆ ಎದ್ದ, ಇಲ್ಲದಿದ್ದರೆ ಹೋದ. ಇವರ ಕಟ್ಟಳೆಯಲ್ಲಿ ಮೂರು ಸರದಿಯೆಂದರೆ ಮೂರು ಊಟ. ಮಾಮ ಬೀಳಬೇಕು, ಮೂರು ಮಧ್ಯಾಹ್ನ ತನ್ನ ಕಣ್ಣೆದುರು ಕೂತು ತನ್ನ ಕೈ ನೋಡಬೇಕು, ತಾನು ಕೈ ಎತ್ತಬಾರದು. ಅವಳಿಗೆ ಬೇಕಿದ್ದದ್ದು ಇಷ್ಟೇ. ಇದಕ್ಕಾಗಿ ಅವಳು ಅಕ್ಕನಿಗೂ ಡ್ರೈವರಣ್ಣನಿಗೂ ಎಷ್ಟು ಸಲ ಪಟ್ಟಿ ಕಟ್ಟಿದಳೋ, ಎಷ್ಟು ತಿಂಗಳು ಕಾದಳೋ.

ಕೊನೆಯ ಕಾಳಗ ಮತ್ತೆ ಅದೇ ಕೋಟೆಗೆ ಬಂತು. ಅಲ್ಲೇ ಪರದೆಯ ಮಾಮ ಬಿದ್ದ, ಗೇಟಿನಿಂದ ನಾಲ್ಕೇ ಚೌಕ ದೂರದಲ್ಲಿ, ಗೋಡೆಯ ಮರೆಯಲ್ಲಿ. ಪಟ್ಟಿ ಕಟ್ಟುವವಳು ಪಕ್ಕದಲ್ಲೇ ನಿಂತಿದ್ದಳು.

ಮೊದಲನೆಯ ಮಧ್ಯಾಹ್ನ ಮೊಳೆ ಅವರತ್ತ ನೋಡಲೂ ಇಲ್ಲ. ಡ್ರೈವರಣ್ಣನ ಸೈನಿಕನಿಗೆ ಮೊಣಕೈ ತರಚಿತ್ತು. ಅದಕ್ಕೆ ಮುತುವರ್ಜಿಯಿಂದ ಪಟ್ಟಿ ಕಟ್ಟಿ ಸರದಿ ಮುಗಿಸಿದಳು. ಮಾರನೆಯ ದಿನ ಮಾಮ ಕೊಟ್ಟ ಗಾಜಿನ ಅಂಚುಗಳನ್ನೆಲ್ಲ ಅವಳ ಕೈ ಕೊಯ್ಯದಂತೆ ಉಜ್ಜಿ ನುಣುಪು ಮಾಡಲಾಗಿತ್ತು, ಅವಳ ಮೇಜನ್ನೂ ಒರೆಸಿಡಲಾಗಿತ್ತು. ಬೆಣ್ಣೆ ಹಚ್ಚುತ್ತಾರೆ ನೋಡು ಎಂದುಕೊಂಡಳು. ಅವತ್ತು ಮಧ್ಯಾಹ್ನ ಅವಳ ನಡೆಯೆಂದರೆ ಸುಮ್ಮನೆ ನಿಂತಿರುವುದು.

"ಇದೆಂಥ ಹಠವೇ ನಿಂದು?" ಎಂದರು ಅಕ್ಕ, ಕೈ ತೊಳೆಯುವ ಕಡೆ ಅವಳೊಬ್ಬಳೇ ಸಿಕ್ಕಾಗ. "ಎಷ್ಟಾದ್ರೂ ಅದು ಆಟ."

"ಅವತ್ತು ಅವರಿಗೆ ಅದು ಆಟ ಆಗಿತ್ತು ಅಕ್ಕ. ಇವತ್ತು ನಂಗೆ."

ಮೂರನೆಯ ದಿನ ಮಾಮ ಬರಲೇ ಇಲ್ಲ. ಬೆಳಿಗ್ಗೆ ಅಕ್ಕನಿಗೆ ಫೋನ್ ಮಾಡಿ, ಹೆಂಡತಿಗೆ ಜ್ವರ ಎಂದು ರಜೆ ಕೇಳಿದ್ದರು. ಇಡುವ ಮುಂಚೆ ಇನ್ನೊಂದು ಮಾತು: ತನ್ನ ಸೈನಿಕ ಇವತ್ತು ಮೊಳೆಯ ಕೈಗೆ.

ಮೊಳೆಗೆ ಮೊದಲು ನಗು ಬಂತು. ಕರುಣೆ ಬರಲಿ ಎಂದು ಮಾಡಿದ ಆಟ ಇದು, ಹೆಣ್ಣಿನ ಮನಸ್ಸು ಕರಗೀತು ಎಂಬ ಲೆಕ್ಕ. ಆಮೇಲೆ ಬೇರೊಂದು ಯೋಚನೆ ಬಂದು, ಎತ್ತಿದ ಸುತ್ತಿಗೆ ಹಾಗೇ ನಿಂತಿತು. ಬಿದ್ದಲ್ಲೇ ಸಾಯಲು ಬಿಟ್ಟರೆ ಏನು ಬಂತು? ಅದು ಬರೀ ಸಾವು. ತನ್ನದು ಹಾಗಿರಲಿಲ್ಲವಲ್ಲ. ಮಧ್ಯಾಹ್ನದ ತನಕ ಅವಳು ಬಡಿದ ಒಂದು ಮೊಳೆಯೂ ಸೊಟ್ಟಗಾಗಲಿಲ್ಲ.

ಊಟಕ್ಕೆ ಕೂತಾಗ ಅವಳು ಮೌಸ್ ಹಿಡಿದು, ಮಾಮನ ಗಾಯಕ್ಕೆ ಪಟ್ಟಿ ಕಟ್ಟಿದಳು. ಪರದೆಯ ಮಾಮ ತೂರಾಡುತ್ತಾ ಎದ್ದು ನಿಂತ. ಡ್ರೈವರಣ್ಣ ಅಬ್ಬಾ ಎಂದು ಉಸಿರು ಬಿಟ್ಟ. ಅಕ್ಕ ಅವಳ ಬೆನ್ನು ಸವರಿದರು. ಎದ್ದವನಿಗೂ ಆ ಸರದಿಯಲ್ಲಿ ಒಂದು ನಡೆ ಉಂಟು, ಮತ್ತು ಆ ನಡೆ ಇವತ್ತು ಮೊಳೆಯದು. ಅವಳು ಅವನನ್ನು ಗೋಡೆ ಮರೆಯಿಂದ ಹೊರಡಿಸಿದಳು. ಒಂದು ಚೌಕ, ಎರಡು, ಮೂರು. ಗೇಟಿನ ಮುಂದಿನ ಆ ಚೌಕದಲ್ಲಿ ತಂದು ನಿಲ್ಲಿಸಿ, ಸರದಿ ಮುಗಿಸುವ ಗುಂಡಿ ಒತ್ತಿದಳು.

ಶತ್ರುಗಳು ತಡ ಮಾಡಲಿಲ್ಲ. ಅಕ್ಕ ಅವಳ ಬೆನ್ನಿನಿಂದ ಕೈ ತೆಗೆದರು. ಡ್ರೈವರಣ್ಣ ಮುಚ್ಚಳ ಹಾಕಿ ಎದ್ದುಹೋದ. ಮೊಳೆ ಮಾತ್ರ ಡಬ್ಬಿಯಲ್ಲಿದ್ದ ಕೊನೆಯ ತುತ್ತನ್ನೂ ಬಿಡದೆ ಉಂಡಳು. ಎಷ್ಟೋ ತಿಂಗಳ ಮೇಲೆ ಊಟ ರುಚಿಸಿತ್ತು. ನಾಳೆ ಬಂದು ನೋಡಿದಾಗ ಮಾಮನ ಮುಖ ಹೇಗಾದೀತೆಂದು ನೆನೆಸಿಕೊಂಡು ಸಂಜೆಯವರೆಗೂ ಒಳಗೊಳಗೇ ನಕ್ಕಳು.

ಮಾಮ ಮಾರನೆಯ ದಿನ ಬಂದರು. ಮಧ್ಯಾಹ್ನ ಪರದೆಯ ಮುಂದೆ ಕೂತು, ಖಾಲಿ ಚೌಕವನ್ನು ನೋಡಿದರು.

"ಅಲ್ಲೇ ನಿಲ್ಲಿಸಿದ್ಯಾ?"

"ನೀವು ನನ್ನ ನಿಲ್ಲಿಸಿದ ಕಡೆ."

"ಸರಿ," ಎಂದು ತಲೆಯಾಡಿಸಿ, ತನ್ನ ಹೆಸರಿಗೆ ಒಬ್ಬ ಹೊಸ ಸೈನಿಕನನ್ನು ಸೇರಿಸತೊಡಗಿದರು. ಮುಖ ಕೆಂಪಗಾಗಲಿಲ್ಲ, ಜಗಳಕ್ಕೆ ಬರಲಿಲ್ಲ. ಮೊಳೆಗೆ ಯಾಕೋ ಕಸಿವಿಸಿಯಾಯಿತು.

ಅಷ್ಟರಲ್ಲಿ ಅವರ ಹೆಂಡತಿಯೇ ಬಂದರು, ಗಂಡ ಮರೆತುಬಂದ ಊಟದ ಡಬ್ಬಿ ಹಿಡಿದುಕೊಂಡು. ಕಲ್ಲುಗುಂಡಿನ ಹಾಗಿದ್ದರು. ಜ್ವರ ಬಿಟ್ಟಿತಾ ಎಂದು ಅಕ್ಕ ಕೇಳಿದರು.

"ಜ್ವರಾನಾ? ನಂಗ್ಯಾಕೆ ಜ್ವರ?" ಎಂದರು ಆಕೆ. "ನಿನ್ನೆ ಇವ್ರೇ ಮನೇಲಿ ಗೋಡೆ ನೋಡ್ಕೊಂಡು ಕೂತಿದ್ರು. ಊಟಕ್ಕೇಳಿ ಅಂದ್ರೆ, ತಡಿ, ಅಲ್ಲಿ ಮುಗೀಲಿ ಅಂತಾರೆ. ಏನು ಮುಗೀಬೇಕಿತ್ತೋ ದೇವರಿಗೇ ಗೊತ್ತು."

ಮಾಮ ಪರದೆಯಿಂದ ಕಣ್ಣು ಕೀಳಲಿಲ್ಲ, ಆದರೆ ಕಿವಿ ಕೆಂಪಗಾಗಿತ್ತು.

ಮೊಳೆಗೆ ಎಲ್ಲ ಹೊಳೆಯಿತು. ತಾನು ಏನು ಮಾಡುತ್ತೇನೆಂದು ಈ ಮನುಷ್ಯನಿಗೆ ಗೊತ್ತಿತ್ತು. ಗೊತ್ತಿದ್ದೇ ಕತ್ತಿಯ ಹಿಡಿಯನ್ನು ತನ್ನ ಕೈಗೆ ಕೊಟ್ಟು, ಮನೆಯಲ್ಲಿ ಕುತ್ತಿಗೆ ಬಗ್ಗಿಸಿ ಕೂತಿದ್ದರು. ಇಷ್ಟು ತಿಂಗಳು ಹಲ್ಲು ಕಚ್ಚಿ ಕಾದು ತೀರಿಸಿಕೊಂಡ ಸೇಡು ಅವರೇ ಕೊಟ್ಟ ದಾನವಾಗಿಬಿಟ್ಟಿತ್ತು. ಅವಳ ಮೈಯೆಲ್ಲ ಉರಿದುಹೋಯಿತು.

"ಯಾರು ಹೇಳಿದ್ರು ನಿಮಗೆ ರಜೆ ಹಾಕಿ ಅಂತ?" ಎಂದಳು ಮೊಳೆ. "ತಪ್ಪಾಯ್ತು ಅಂತ ಒಂದು ಮಾತು ಹೇಳೋಕೆ ಬಾಯಿ ಬರಲ್ಲ, ಸಾಯೋಕೆ ಬರುತ್ತಾ?"

ಮಾಮ ಅವಳ ಕಡೆ ತಿರುಗಿದರು. "ಅದು ಬರಲ್ಲ ಕಣಮ್ಮ. ಅದಕ್ಕೇ ಇದು. ಈಗ ಸರಿಹೋಯ್ತಾ?"

"ಇಲ್ಲ."

ಸರಿಹೋಗಿರಲೂ ಇಲ್ಲ. ಒಂದೇ ಸಲ ಸತ್ತು ಲೆಕ್ಕ ಚುಕ್ತಾ ಎಂದುಬಿಟ್ಟರೆ ಆಯಿತೇ? ಅವಳು ಕುರ್ಚಿ ಎಳೆದುಕೊಂಡು ಅವರ ಪಕ್ಕ ಕೂತು ಮೌಸ್ ಕಿತ್ತುಕೊಂಡಳು. ಮಾಮನ ಹೊಸ ಸೈನಿಕ ಬಂದೂಕು ಹಿಡಿಯಲೂ ಬಾರದೆ ಬಯಲಿನಂಚಿನಲ್ಲಿ ನಿಂತಿದ್ದ. ಮೊಳೆ ತನ್ನವಳನ್ನು ನಡೆಸಿಕೊಂಡು ಹೋಗಿ ಅವನ ಮುಂದೆ, ಗುಂಡು ಬರುವ ಕಡೆಗೆ ಅಡ್ಡ ನಿಲ್ಲಿಸಿದಳು. ಇವರನ್ನು ಇನ್ನು ಸಾಯಲು ಬಿಡುವ ಪ್ರಶ್ನೆಯೇ ಇಲ್ಲ. ದಿನಾ ಬದುಕಿಸಬೇಕು, ದಿನಾ ಬೈಯಬೇಕು.

"ಗೋಡೆ ಮರೆಗೆ ಹೋಗಿ," ಎಂದು ಮೌಸನ್ನು ಅವರ ಕೈಗೆ ತಳ್ಳಿದಳು. "ನಾನು ಹೇಳೋ ತನಕ ಅಲ್ಲಾಡಬೇಡಿ."

ಮಾಮ ಹೋದರು.